ಗೆರಟೆಯಲ್ಲಿ ಅಮ್ಮನ ಮರೆವು

ನೆನಪಿಡಬೇಕಾದದ್ದು ಏನಿದ್ದರೂ ಸೆರಗಿಗೆ ಗಂಟು ಹಾಕುವುದು ಅಮ್ಮನ ಕ್ರಮ. ಬೋಳಾರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಒಂದಿದ್ದ ಗಂಟು ಸಂಜೆಗೆ ನಾಲ್ಕಾಗುತ್ತಿತ್ತು. ಯುದ್ಧ ನಡೆಯುತ್ತಿದ್ದ ಒಂದು ವರ್ಷ, ಚೌತಿ ಕಳೆದ ಮೇಲೆ, ಒಂದು ಮಧ್ಯಾಹ್ನ ಅವಳು ಸೆರಗಿನ ಗಂಟು ಹಿಡಿದು ಅಂಗಳದ ಬಾಗಿಲಲ್ಲಿ ನಿಂತೇಬಿಟ್ಟಳು.

"ಇದು ಎಂತಕ್ಕೆ ಹಾಕಿದ್ದು ಮಾರಾಯ್ತಿ?" ಎಂದು ನನ್ನನ್ನೇ ಕೇಳಿದಳು. ಅಷ್ಟರಲ್ಲಿ ಚಾಪೆಯಲ್ಲಿ ಒಣಗಲು ಹಾಕಿದ್ದ ಸಿಗಡಿಯನ್ನು ನೆರೆಮನೆಯ ಬೆಕ್ಕು ಮುಗಿಸಿ ಮೀಸೆ ನೆಕ್ಕಿಕೊಳ್ಳುತ್ತಿತ್ತು. ಗಂಟಿನ ಕಾರಣ ತಿಳಿಯಿತು.

ನಾನು ನಕ್ಕೆ. ಅಮ್ಮ ನಗಲಿಲ್ಲ. ನನ್ನ ಅಜ್ಜಿ ಕೊನೆಗಾಲದಲ್ಲಿ ಹೆತ್ತ ಮಗಳನ್ನೇ, ಅಂದರೆ ಅಮ್ಮನನ್ನೇ, "ನೀನು ಯಾವ ಮನೆಯವಳು?" ಎಂದು ಕೇಳಿದ್ದಳಂತೆ. ತನಗೂ ಅದೇ ಗತಿ ಬರುತ್ತದೆಂಬ ಹೆದರಿಕೆ ಅಮ್ಮನಿಗೆ.

ಮರುದಿನ ಒಲೆಯ ಪಕ್ಕದಲ್ಲಿ ಒಂದು ತೆಂಗಿನ ಗೆರಟೆ ಪ್ರತ್ಯಕ್ಷ. ಏನು ಮರೆತರೂ ಅದಕ್ಕೊಂದು ಹುಣಸೆ ಬೀಜ. "ದೀಪಾವಳಿಯ ಒಳಗೆ ಇದು ತುಂಬಿದರೆ ನಾನು ಒಲೆಯ ಹತ್ತಿರ ಬರುವುದಿಲ್ಲ. ಅಡಿಗೆ ನೀನೇ ಮಾಡು" ಎಂದಳು.

ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಕ್ಕೆ ಒಂದು ಬೀಜ. ಹೂವು ಮನೆಯಲ್ಲೇ ಬಿಟ್ಟು ದೇವಸ್ಥಾನಕ್ಕೆ ಹೋದದ್ದಕ್ಕೆ ಒಂದು. ಅಡಕತ್ತರಿ ಕೈಯಲ್ಲೇ ಇಟ್ಟುಕೊಂಡು, ಅದನ್ನು ಯಾರು ಒಯ್ದರೆಂದು ಮನೆಮಂದಿಯನ್ನೆಲ್ಲ ಬೈದದ್ದಕ್ಕೆ ಎರಡು. ಬೈದ ತಪ್ಪಿಗೂ ಸೇರಿಸಿ. ನ್ಯಾಯದಲ್ಲಿ ಅಮ್ಮ ಬಲು ಕಟ್ಟುನಿಟ್ಟು.

ಗೆರಟೆ ಅರ್ಧ ದಾಟಿದಾಗ ನನಗೆ ದಿಗಿಲಾಯಿತು. ಒಲೆ ಬಿಟ್ಟು ಮೂಲೆಯಲ್ಲಿ ಕೂತ ಅಮ್ಮನನ್ನು ನೋಡುವ ಧೈರ್ಯ ನನಗಿರಲಿಲ್ಲ. ನನ್ನ ಸಾರು ಉಣ್ಣುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವಳು ಸ್ನಾನಕ್ಕೆ ಹೋದಾಗಲೆಲ್ಲ ಒಂದೆರಡು ಬೀಜ ತೆಗೆದು ಬಾಳೆಬುಡಕ್ಕೆ ಎಸೆಯತೊಡಗಿದೆ.

ದೀಪಾವಳಿ ಬಂತು. ಗೆರಟೆ ತುಂಬಿರಲಿಲ್ಲ. ಅಮ್ಮ ಅದನ್ನು ಮುಂದಿಟ್ಟುಕೊಂಡು ನನ್ನನ್ನು ಕರೆದಳು.

"ಒಟ್ಟು ಎಷ್ಟು ಕದ್ದೆ?"

"ನೆನಪಿಲ್ಲ ಅಮ್ಮ."

"ಮೂವತ್ತೊಂದು. ನಿನ್ನೆ ಎರಡು, ಮೊನ್ನೆ ಮೂರು. ಶುಕ್ರವಾರ ಕದಿಯಲಿಕ್ಕೆ ಮರೆತಿದ್ದಿ."

"ಅವನ್ನೂ ಹಾಕಿದರೆ ಗೆರಟೆ ತುಂಬುತ್ತದಲ್ಲ?"

"ತುಂಬಲಿ ಮಾರಾಯ್ತಿ. ಇಷ್ಟು ನೆನಪಿಟ್ಟವಳು ನಿನ್ನನ್ನು ಮರೆಯುತ್ತಾಳಾ?"

ಅಷ್ಟು ದಿನಗಳಲ್ಲಿ ಅಮ್ಮ ನಕ್ಕದ್ದು ಅದೇ ಮೊದಲು. ನನಗೆ ಅಳು ಬಂತು. ಅವಳು ಎದ್ದುಹೋಗಿ ಇನ್ನೊಂದು ಗೆರಟೆ ತಂದು ತನ್ನದರ ಪಕ್ಕದಲ್ಲಿಟ್ಟು, ಒಂದು ಬೀಜ ಹಾಕಿದಳು.

"ಇದು ನಿನ್ನದು. ಶುಕ್ರವಾರದ್ದು."