ಕೆಳಗಿನ ಬೀದಿಗೇ ಮೊದಲು

ಏಕಾಂತಯ್ಯನವರನ್ನು ಬಡಾವಣೆಯ ಸಂಘದ ಅಧ್ಯಕ್ಷರನ್ನಾಗಿ ಆರಿಸಿದ್ದು ಅವರ ಯೋಗ್ಯತೆ ನೋಡಿ ಅಲ್ಲ. ಲಕ್ಷ್ಮೀಪುರಂನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸೊಂದು ಅವರಿಗಿತ್ತು. ಸಂಘಕ್ಕೆ ಲೆಟರ್‌ಹೆಡ್ಡು ಪುಕ್ಕಟೆ ಸಿಗುತ್ತದೆ ಅನ್ನುವುದೇ ಎಲ್ಲರ ಲೆಕ್ಕಾಚಾರ. ಇದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಆ ಲೆಟರ್‌ಹೆಡ್ಡಿನಲ್ಲಿ ತಮ್ಮ ಹೆಸರನ್ನು ಸಂಘದ ಹೆಸರಿಗಿಂತ ಒಂದು ಅಳತೆ ದೊಡ್ಡದಾಗಿಯೇ ಹಾಕಿಕೊಂಡಿದ್ದರು.

ಕಡಕೊಳದ ದಾರಿಯಲ್ಲಿ ಊರು ಬೆಳೆದಂತೆಲ್ಲ ಬಡಾವಣೆಯೂ ಬೆಳೆಯಿತು, ರಸ್ತೆ ಮಾತ್ರ ಸವೆಯಿತು. ಹೊಸ ಮನೆಗಳಿಗೆ ಜಲ್ಲಿ, ಮರಳು ತಂದು ಸುರಿದ ಲಾರಿಗಳು ವಾಪಸು ಹೋಗುವಾಗ ಡಾಂಬರನ್ನು ಹೊತ್ತುಕೊಂಡು ಹೋದಂತಿತ್ತು. ಏಕಾಂತಯ್ಯನವರು ಎರಡು ವರ್ಷ ಅರ್ಜಿ ಹಿಡಿದು ಕಚೇರಿ ಸುತ್ತಿದರು. ಅರ್ಜಿಯಲ್ಲಿ ಬರೆದಿದ್ದು ಸಮಸ್ತ ನಾಗರಿಕರ ಹಿತ. ಮನಸ್ಸಿನಲ್ಲಿದ್ದದ್ದು ತಮ್ಮ ಮನೆ ಮುಂದಿನ ಮೇಲಿನ ಬೀದಿ.

ಕೊನೆಗೊಂದು ಭಾನುವಾರ ಇಂಜಿನಿಯರ್ ವಾಣಿ ನಕ್ಷೆ ಹಿಡಿದು ಬಂದರು. ಗಣಪತಿ ಗುಡಿಯ ಮುಂದೆ ಸೇರಿದ್ದ ಜನಕ್ಕೆ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಮಂಜೂರಾದ ಹಣದಲ್ಲಿ ಎಲ್ಲ ಬೀದಿಗೂ ತೆಳ್ಳಗೆ ಡಾಂಬರು ಬಳಿಯಬಹುದು, ಎರಡು ಮಳೆಗಾಲಕ್ಕೆ ಕಿತ್ತು ಹೋಗುತ್ತದೆ. ಇಲ್ಲವೇ ಒಂದೇ ಬೀದಿಯನ್ನು ಬುಡದಿಂದ ಅಗೆದು, ಚರಂಡಿ ಕಟ್ಟಿ, ಕಾಂಕ್ರೀಟು ಹಾಕಬಹುದು; ಮಿಕ್ಕ ಬೀದಿಗಳು ಮುಂದಿನ ವರ್ಷಗಳಲ್ಲಿ.

ಗಟ್ಟಿ ಕೆಲಸವೇ ಆಗಲಿ ಎಂದರು ಜನ.

"ಹಾಗಾದ್ರೆ ಯಾವ ಬೀದಿ ಅಂತ ನೀವೇ ತೀರ್ಮಾನ ಮಾಡಿ," ಎಂದರು ವಾಣಿ.

ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಮೇಲಿನ ಬೀದಿ ಎಂದು ತಾವೇ ಬಾಯಿಬಿಟ್ಟು ಹೇಳಿದರೆ ಚೆನ್ನಾಗಿರುವುದಿಲ್ಲ ಅನ್ನಿಸಿತು ಏಕಾಂತಯ್ಯನವರಿಗೆ. ಮೊದಲು ಒಂಚೂರು ತ್ಯಾಗ ತೋರಿಸಿದರೆ ಜನರೇ ಅಡ್ಡ ಬಂದು, ನಿಮ್ಮ ಬೀದಿಯೇ ಆಗಲಿ ಸಾರ್ ಎಂದು ಒತ್ತಾಯ ಮಾಡುತ್ತಾರೆ. ಒಲ್ಲೆ ಒಲ್ಲೆ ಎನ್ನುತ್ತಲೇ ಒಪ್ಪಿಕೊಂಡರಾಯಿತು. ಶಲ್ಯ ಸರಿಮಾಡಿಕೊಂಡು ಎದ್ದು ನಿಂತರು.

"ನೋಡಿ, ನಾನು ಅಧ್ಯಕ್ಷ ಅನ್ನೋ ಕಾರಣಕ್ಕೆ ನನ್ನ ಬೀದಿ ಮೊದಲಾಗಬಾರದು. ಎಲ್ಲಿ ಕಷ್ಟ ಜಾಸ್ತಿ ಇದೆಯೋ ಅಲ್ಲಿಗೇ ಮೊದಲು ರಸ್ತೆ," ಎಂದು ಹೇಳಿ ಒತ್ತಾಯಕ್ಕಾಗಿ ಕಾದರು.

ಕೆಳಗಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಚಾಮುಂಡೇಶ್ವರಿ ಎದ್ದಳು. "ಸಾರ್ ಸರಿಯಾಗ್ ಹೇಳುದ್ರು ಕಣ್ರೀ. ಮೇಲಿನ್ ನೀರೆಲ್ಲ ನಮ್ ಬೀದೀಗೇ ನುಗ್ತದೆ. ನಮಗೇ ಮೊದ್ಲು ಮಾಡ್ಬುಡಿ."

ಚಪ್ಪಾಳೆ ಬಿತ್ತು. ಏಕಾಂತಯ್ಯನವರೂ ತಟ್ಟಬೇಕಾಯಿತು.

ಮನೆಗೆ ಬಂದಾಗ ಹೆಂಡತಿ ಮಂಜುಳಮ್ಮ, "ನಮ್ ಬೀದಿಗೆ ಯಾರು ಕಲ್ಲು ಹಾಕಿದ್ದು?" ಎಂದು ಕೇಳಿದರು.

"ನಾನೇ," ಎಂದರು ಏಕಾಂತಯ್ಯ.

ಅಷ್ಟಕ್ಕೆ ಮುಗಿಯಲಿಲ್ಲ. ಕಾಂಕ್ರೀಟು ಬೀಳುವ ಮೊದಲು ಪ್ರತಿ ಮನೆಯ ಹಳೇ ನೀರಿನ ಪೈಪು ಬದಲಾಗಬೇಕಿತ್ತು; ಇಲ್ಲದಿದ್ದರೆ ಪೈಪು ಒಡೆದ ದಿನ ಹೊಸ ರಸ್ತೆಯನ್ನೇ ಅಗೆಯಬೇಕು. ಆ ಖರ್ಚು ಮನೆಯವರದು, ವಸೂಲಿ ಅಧ್ಯಕ್ಷರದು. ತಮ್ಮದಲ್ಲದ ರಸ್ತೆಗಾಗಿ ಏಕಾಂತಯ್ಯನವರು ಕೆಸರಲ್ಲಿ ಪಂಚೆ ಎತ್ತಿಕೊಂಡು ಮನೆಮನೆ ಬಾಗಿಲು ತಟ್ಟಿದರು. ಮೊದಲು ತಕರಾರು ತೆಗೆದವನು ಚಾಮುಂಡೇಶ್ವರಿಯ ಗಂಡ ಮಹದೇವು. ಮೇಟಗಳ್ಳಿಯ ಕಾರ್ಖಾನೆಯಿಂದ ಆಗತಾನೇ ಬಂದಿದ್ದ.

"ಕಂದಾಯ ಕಟ್ಟೀವಲ್ಲ ಸಾರ್, ಇದ್ಯಾವ್ದು ಮತ್ತೆ? ಒಂದ್ ಮಾತ್ ಕೇಳ್ತೀನಿ. ನಿಮ್ ಬೀದೀಲೇ ರೋಡಾಗಿ, ಇಂಗೇ ದುಡ್ ಕೇಳಿದ್ರೆ ನೀವ್ ಕೊಡ್ತಿದ್ರಾ?"

ನಾಗರಿಕರ ಕರ್ತವ್ಯದ ಬಗ್ಗೆ ಸಿದ್ಧಮಾಡಿಕೊಂಡ ಭಾಷಣ ಗಂಟಲವರೆಗೆ ಬಂದಿತ್ತು. ಗೇಟಿನ ಒಳಗೆ ಗಾಲಿಕುರ್ಚಿಯಲ್ಲಿ ಕೂತಿದ್ದ ಮಹದೇವುವಿನ ತಾಯಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅದೇಕೋ ಭಾಷಣ ವಾಪಸು ಹೋಯಿತು.

"ಇಲ್ಲ ಕಣಪ್ಪ. ಮೊದಲು ಜಗಳ ಆಡ್ತಿದ್ದೆ. ಆಮೇಲೆ ಲೆಟರ್‌ಹೆಡ್ಡಲ್ಲಿ ಒಂದು ಅರ್ಜಿ ಬರೀತಿದ್ದೆ."

ಮಹದೇವು ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ ಒಳಗೆ ಹೋಗಿ ದುಡ್ಡು ತಂದ. ಅವನು ಕೊಟ್ಟನೆಂದು ಗೊತ್ತಾಗಿ ಪಕ್ಕದವರೂ ಕೊಟ್ಟರು. ಅಧ್ಯಕ್ಷನಾದ ಮೇಲೆ ತಾನು ಆಡಿದ ಮೊದಲ ನಿಜ ಇದೇ ಇರಬೇಕು ಅನ್ನಿಸಿತು ಏಕಾಂತಯ್ಯನವರಿಗೆ.

ದಸರೆಗೆ ಮುಂಚೆ ಕೆಲಸ ಮುಗಿಯಿತು. ಗಾಲಿ ಹೂತುಹೋಗುತ್ತದೆಂದು ಮಹದೇವುವಿನ ತಾಯಿ ಗೇಟು ದಾಟಿ ಎಷ್ಟೋ ಕಾಲವಾಗಿತ್ತು. ಒಂದು ಸಂಜೆ ಅತ್ತ ಹೋದ ಏಕಾಂತಯ್ಯನವರು ಆಕೆಯ ಕುರ್ಚಿಯನ್ನು ತಾವೇ ತಳ್ಳಿಕೊಂಡು ಹೊರಟರು. ರಸ್ತೆ ಕನ್ನಡಿಯಂತಿತ್ತು. ಅಂಗಡಿ, ಹೊಸ ಮನೆಗಳು, ಬಾಗಿಲಲ್ಲಿ ನಿಂತ ಜನ, ಎಲ್ಲವನ್ನೂ ಅಜ್ಜಿ ಕತ್ತು ತಿರುಗಿಸಿ ತಿರುಗಿಸಿ ನೋಡಿದರು. ಬೀದಿಯ ತುದಿಯಲ್ಲಿ ಕಾಂಕ್ರೀಟು ಮುಗಿದು, ಮುಂದೆ ಬರೀ ಗುಂಡಿ, ಜಲ್ಲಿ, ಧೂಳು.

"ಇದ್ಯಾವೂರಪ್ಪ?" ಎಂದು ಅಜ್ಜಿ ಕೇಳಿದರು.

"ನಮ್ಮ ಬೀದಿ ಕಣಮ್ಮ."

"ಪಾಪ. ನಿಮ್ಮನ್ ಕೇಳೋರ್ಯಾರೂ ಇಲ್ವಾ?" ಎಂದರು ಅಜ್ಜಿ, ನಿಜವಾದ ಮರುಕದಿಂದ. "ಗಾಡಿ ತಿರುಗ್ಸು. ಇನ್ನೊಂದ್ ಸುತ್ತು ಓಗ್ಬರಾನ."