ಎಚ್ಚರ ಇದ್ದಾಗ ಸಿಗದ ಕತ್ತಿ

ಆ ಸಿನಿಮಾದಲ್ಲಿ ಮೊದಲು ಎದ್ದು ಬಂದದ್ದು ಒಂದು ಕತ್ತರಿ. ಹೊಲಿಗೆ ಮೆಷಿನ್ನಿನ ಮೇಲೆ ಸುಮ್ಮನೆ ಬಿದ್ದಿದ್ದ ಕತ್ತರಿ ತಾನಾಗಿ ಬಾಯಿ ತೆರೆಯಿತು, ಅಂಚಿನವರೆಗೆ ಜಾರಿತು, ಒಬ್ಬ ಹೆಂಗಸಿನ ಪಾದದ ಪಕ್ಕ ನೆಲಕ್ಕೆ ನಾಟಿಕೊಂಡಿತು. ಮುಂದಿನ ಸಾಲಿನ ಹುಡುಗಿಯರು ಕಿರುಚಿದರು. ಹಿಂದಿನ ಸಾಲಿನವರು ನಕ್ಕರು. ಬಾಗಿಲ ಪಕ್ಕ ಕೂತಿದ್ದ ನನಗೆ ಮಾತ್ರ ಇದನ್ನೆಲ್ಲ ಮೊದಲೇ ನೋಡಿದ್ದೇನೆ ಅನ್ನಿಸಿತು.

ನಾನು ಮಿಜಾರಿನ ಒಂದು ಕಾಲೇಜಿನಲ್ಲಿ ಅಟೆಂಡರ್. ಶನಿವಾರ ಮಧ್ಯಾಹ್ನ ಮಕ್ಕಳು ಸಿನಿಮಾ ನೋಡುವುದುಂಟು. ಹಾಲ್ ತೆರೆದು ಪರದೆ ಎಳೆದು ಕೊಡುವುದು ನನ್ನ ಕೆಲಸ. ಅವತ್ತಿನದು ಫ್ರೆಂಚ್ ಸಿನಿಮಾ. ಫ್ರಾನ್ಸಿನಲ್ಲೇ ಹೆಚ್ಚು ಜನ ನೋಡಿಲ್ಲ, ಎಲ್ಲಿಂದಲೋ ಹುಡುಕಿ ತಂದದ್ದು ಎಂದು ಸಿನಿಮಾ ತೋರಿಸುವ ಮೇಡಂ ಹೇಳಿದರು. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ನಾನು ಒಂದು ಸಾಲು ಓದಿ ಮುಗಿಸುವಾಗ ಅದು ಹೋಗಿ ಇನ್ನೊಂದು ಬಂದಿರುತ್ತಿತ್ತು. ಆದರೆ ಮಾತು ಕಡಿಮೆ ಇದ್ದ ಸಿನಿಮಾ. ಕತ್ತರಿ ಆದಮೇಲೆ ಇಸ್ತ್ರಿ ಪೆಟ್ಟಿಗೆ, ಆಮೇಲೆ ಕುದಿಯುವ ನೀರಿನ ಪಾತ್ರೆ, ಆಮೇಲೆ ಕಪಾಟಿನ ಬಾಗಿಲು. ಮನೆಯ ಸಾಮಾನು ಒಂದೊಂದಾಗಿ ಆ ಹೆಂಗಸಿನ ಮೇಲೆ ತಿರುಗಿ ಬೀಳುತ್ತದೆ. ಅವಳು ಎಲ್ಲವನ್ನೂ ಕಿಟಕಿಯಿಂದ ಹೊರಗೆ ಎಸೆಯುತ್ತಾಳೆ. ಕೊನೆಗೆ ಖಾಲಿ ಕೋಣೆಯ ನಡುವೆ, ಬರೀ ನೆಲದ ಮೇಲೆ, ಮೊಣಕಾಲು ಅಪ್ಪಿಕೊಂಡು ಕೂರುತ್ತಾಳೆ. ಸಿನಿಮಾ ಅಲ್ಲಿಗೆ ಮುಗಿಯಿತು.

"ಫ್ರಾನ್ಸಲ್ಲಿ ಆಯುಧ ಪೂಜೆ ಇಲ್ಲ ಅಲ್ವಾ ಮೇಡಂ, ಅದಕ್ಕೇ ಸಾಮಾನಿಗೆಲ್ಲ ಸಿಟ್ಟು ಬಂದದ್ದು" ಎಂದಳು ಒಬ್ಬ ಹುಡುಗಿ. ಎಲ್ಲರೂ ನಕ್ಕರು. ಮೇಡಂ ನನ್ನ ಕಡೆ ತಿರುಗಿ, "ನೀವೂ ಪೂರ್ತಿ ನೋಡಿದ್ರಿ. ನಿಮಗೆ ಎಂತ ಅನ್ನಿಸಿತು?" ಎಂದು ಕೇಳಿದರು.

ನಾನು ಎದ್ದು ನಿಂತೆ. "ಕೊನೆ ಸರಿಯಾಗಲಿಲ್ಲ ಮೇಡಂ."

"ಯಾಕಣ್ಣ? ಅವಳು ಸೇಫ್ ಆದಳಲ್ಲ?" ಎಂದ ಒಬ್ಬ ಹುಡುಗ.

"ಸೇಫ್ ಆದ್ರೆ ಆಯ್ತಾ? ನಾಳೆ ಬೆಳಿಗ್ಗೆ ಚಾ ಬೇಕಾದ್ರೆ ಎಂತ ಮಾಡ್ತಾಳೆ?"

ಹಾಲ್ ಇಡೀ ನಕ್ಕಿತು. ಅದೊಂದು ಸಂಕೇತ ಎಂದು ಮೇಡಂ ಸಮಾಧಾನವಾಗಿ ವಿವರಿಸಿದರು. ಅವರು ಹೇಳಿದ್ದು ಇರಬಹುದು. ಆದರೆ ನಾನು ತಮಾಷೆ ಮಾಡಿದ್ದಲ್ಲ. ಆ ಖಾಲಿ ಕೋಣೆಯಲ್ಲಿ ನಾನು ಚಿಕ್ಕಂದಿನಿಂದ ಕೂತಿದ್ದೇನೆ.

ನನಗೆ ಮೂರ್ಛೆ ರೋಗ. ನಮ್ಮಲ್ಲಿ ಫಿಟ್ಸ್ ಅನ್ನುತ್ತಾರೆ. ಮೊದಲು ಬಂದದ್ದು ಮೂರನೇ ಕ್ಲಾಸಿನಲ್ಲಿ. ಫಿಟ್ಸ್ ಬಂದವನ ಕೈಗೆ ಕಬ್ಬಿಣ ಹಿಡಿಸಬೇಕು ಎಂಬುದು ಎಲ್ಲರಿಗೂ ಗೊತ್ತಿದ್ದ ಮದ್ದು. ಮಾಷ್ಟ್ರು ಶಾಲೆಯ ಗಂಟೆ ಬಡಿಯುವ ಸರಳನ್ನೇ ತಂದು ನನ್ನ ಮುಷ್ಟಿಯೊಳಗೆ ತುರುಕಿದರಂತೆ. ಒಮ್ಮೆ ಬಂಟ್ವಾಳಕ್ಕೆ ಹೋಗುವ ಬಸ್ಸಿನಲ್ಲಿ ಬಿದ್ದಾಗ ಡ್ರೈವರ್ ಸ್ಪ್ಯಾನರ್ ಕೊಟ್ಟಿದ್ದ. ಎಚ್ಚರವಾದ ಮೇಲೆ ಅದನ್ನು ಕೇಳಿ ವಾಪಸು ತಕ್ಕೊಂಡ. ಮನೆಯಲ್ಲಿ ಬಿದ್ದರೆ ಅಕ್ಕ ಒಳಗೆ ಓಡಿ ಕತ್ತಿ ತರುತ್ತಿದ್ದಳು. ಅಮ್ಮ ಬೇಗ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ.

ಶಾಲೆಯವರು ಇನ್ನು ಕಳಿಸಬೇಡಿ ಎಂದರು. ಅಲ್ಲಿಂದ ಸಾಮಾನುಗಳು ಒಂದೊಂದಾಗಿ ನನ್ನಿಂದ ದೂರವಾದವು. ಬಾವಿ ಕಟ್ಟೆ ಬೇಡ, ಒಲೆ ಬೇಡ, ಏಣಿ ಬೇಡ, ಸೈಕಲ್ ಬೇಡ. ಗಾಜಿನ ಲೋಟ ಹೋಗಿ ಪ್ಲಾಸ್ಟಿಕ್ಕಿನದು ಬಂತು. ಗಡ್ಡ ಬಂದ ಮೇಲೂ ಬ್ಲೇಡು ಕೈಗೆ ಸಿಗಲಿಲ್ಲ. ಮುಂದೆ ಸರಿಯಾದ ಡಾಕ್ಟರರು ಸಿಕ್ಕಿದರು. ಕಬ್ಬಿಣದಿಂದ ಏನೂ ಆಗುವುದಿಲ್ಲ, ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಹತ್ತಿರದ ಸಾಮಾನು ಸರಿಸಿ, ಸಾಕು ಎಂದರು. ಮಾತ್ರೆ ಹಿಡಿಯಿತು. ಮೂವತ್ತು ದಾಟಿದ ಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ ಎಸ್‌ಎಸ್‌ಎಲ್‌ಸಿ ಪಾಸಾದೆ, ಕೆಲಸ ಸಿಕ್ಕಿತು. ಫಿಟ್ಸ್ ಬಾರದೆ ಎಷ್ಟೋ ವರ್ಷ ಆಯಿತು. ಆದರೆ ಅಕ್ಕನ ಅಡುಗೆಕೋಣೆಯ ಹೊಸಿಲು ಮಾತ್ರ ನನಗೆ ತೆರೆಯಲಿಲ್ಲ. ಇಷ್ಟು ವರ್ಷ ನನಗೆ ಬಡಿಸಿದವಳಿಗೆ ನಾನೇ ಮಾಡಿ ಒಂದು ಹೊತ್ತು ಬಡಿಸಬೇಕು. ನನಗೆ ಬೇಕಾದದ್ದು ಅಷ್ಟೇ.

ಅವತ್ತು ಮೂಡಬಿದಿರೆಯಲ್ಲಿ ಬಸ್ಸು ಬದಲಿಸುವಾಗ ಬಂಗುಡೆ ಮೀನು ತಕ್ಕೊಂಡೆ. ವಾಮದಪದವಿನ ಮನೆಗೆ ಮುಟ್ಟುವಾಗ ಇನ್ನೂ ಬಿಸಿಲಿತ್ತು. ಭಾವ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ನಾವು ಮಾತಾಡುವುದು ತುಳು, ಕನ್ನಡದಲ್ಲಿ ಬರೆಯುತ್ತೇನೆ.

"ತಾ ಇಲ್ಲಿ, ಕೊಯ್ದು ಇಡ್ತೇನೆ" ಎಂದು ಅಕ್ಕ ಕೈ ಚಾಚಿದಳು.

"ಬೇಡ. ಇವತ್ತು ನಾನು ಮಾಡುವುದು. ಮೆಟ್ಟುಕತ್ತಿ ಎಲ್ಲಿ ಉಂಟು?"

ಕಾಲಿನಲ್ಲಿ ಮಣೆ ಅದುಮಿ ಕೂತು ಕೊಯ್ಯುವ ಕತ್ತಿ ಅದು. ನಾನು ಮನೆಯಲ್ಲಿರುವಾಗ ಅವಳು ಅದನ್ನು ಅಡಗಿಸಿಡುತ್ತಿದ್ದಳು.

"ಮೆಟ್ಟುಕತ್ತಿ ಇಲ್ಲ."

"ಇಲ್ಲ ಅಂದ್ರೆ? ಬೆಳಿಗ್ಗೆ ತೊಂಡೆಕಾಯಿ ಹಲ್ಲಲ್ಲಿ ಕೊಯ್ದದ್ದಾ?"

ಜಗಲಿಯಿಂದ ಭಾವ ನಕ್ಕದ್ದು ಕೇಳಿಸಿತು. ಅಕ್ಕನಿಗೆ ಸಿಟ್ಟು ಬಂತು. "ಎಂತ ಆಗಿದೆ ನಿನಗೆ ಇವತ್ತು? ಕಾಲೇಜಲ್ಲಿ ಯಾರಾದ್ರೂ ಎಂತಾದ್ರೂ ಹೇಳಿದ್ರಾ?"

ಸಿನಿಮಾದ ಕಥೆ ಹೇಳಿದೆ. ಕೋಣೆ ಖಾಲಿ ಮಾಡಿ ಕೂತವಳ ವಿಷಯವನ್ನೂ ಹೇಳಿದೆ. "ನಿನ್ನ ತಮ್ಮ ಫ್ರಾನ್ಸಿಗೆ ಹೋಗಿ ಬಂದದ್ದಾ ಮಾರಾಯ್ತಿ?" ಎಂದರು ಭಾವ. ಅಕ್ಕ ನಗಲಿಲ್ಲ.

"ಅಕ್ಕಾ, ನಾನು ಬಿದ್ದಾಗ ನನ್ನ ಕೈಗೆ ಎಂತ ಕೊಡ್ತಾ ಇದ್ದದ್ದು ನೀನು?"

"ಕಬ್ಬಿಣ."

"ಎಂತ ಕಬ್ಬಿಣ?"

ಅವಳು ಮೀನಿನ ಚೀಲಕ್ಕೆ ಕೈ ಹಾಕಿದಳು. ನಾನು ಬಿಡಲಿಲ್ಲ.

"ಕತ್ತಿ. ಬೋಧ ತಪ್ಪಿ ಬಿದ್ದವನ ಕೈಗೆ ಕತ್ತಿ ಕೊಡ್ತಿ. ಬೋಧ ಇರುವವನಿಂದ ಅಡಗಿಸಿ ಇಡ್ತಿ. ಇದು ಯಾವ ಊರಿನ ನ್ಯಾಯ?"

"ಆಗ ನಾನು ನಿನ್ನ ಪಕ್ಕದಲ್ಲೇ ಇದ್ದೆ ಅಲ್ವಾ" ಎಂದಳು. ಸ್ವರ ತಗ್ಗಿತ್ತು.

ಅದು ನಿಜ. ಆದರೂ ನಾನು ಅಲ್ಲಿಂದ ಕದಲಲಿಲ್ಲ. "ಈಗಲೂ ಇರು. ಆದ್ರೆ ಆಚೆ ಜಗಲಿಯಲ್ಲಿ ಇರು. ಎಂತಾದ್ರೂ ಆದ್ರೆ ಓಡಿ ಬಾ, ಮಗ್ಗುಲಿಗೆ ಹೊರಳಿಸು. ಅದು ನಿನಗೆ ಗೊತ್ತುಂಟು."

ಅವಳು ಅಕ್ಕಿ ಡ್ರಮ್ಮಿನ ಹಿಂದೆ ಕೈ ಹಾಕಿ ಮೆಟ್ಟುಕತ್ತಿ ತೆಗೆದಳು. ಕೈಗೆ ಕೊಡಲಿಲ್ಲ. ನೆಲದ ಮೇಲೆ ಇಟ್ಟು ಹೊರಗೆ ಹೋದಳು.

ಕೂತೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಫಿಟ್ಸ್ ಇನ್ನು ಬರುವುದೇ ಇಲ್ಲ ಎಂದು ನನಗೆ ಯಾರೂ ಬರೆದು ಕೊಟ್ಟಿಲ್ಲ. ಆದರೆ ಕತ್ತಿಗೆ ನನ್ನ ಮೇಲೆ ಏನೂ ಹಗೆ ಇಲ್ಲ. ಅದು ಮೀನನ್ನೂ ಕೊಯ್ಯುತ್ತದೆ, ಎಚ್ಚರ ತಪ್ಪಿದರೆ ಬೆರಳನ್ನೂ ಕೊಯ್ಯುತ್ತದೆ, ಅಕ್ಕನದ್ದಾದರೂ ಅಷ್ಟೆ, ನನ್ನದಾದರೂ ಅಷ್ಟೆ. ಮೊದಲ ಬಂಗುಡೆ ತಲೆಯ ಹತ್ತಿರ ಹರಿದು ಚಿಂದಿಯಾಯಿತು. ಎರಡನೆಯದಕ್ಕೆ ಹದ ಸಿಕ್ಕಿತು.

"ಓ ತಮ್ಮಾ, ಇದ್ದಿಯಾ?" ಜಗಲಿಯಿಂದ ಅಕ್ಕ.

"ಇದ್ದೇನೆ."

"ಎಂತ, ಶಬ್ದವೇ ಇಲ್ಲ?"

"ಮೀನು ಮಾತಾಡುವುದಿಲ್ಲ ಅಕ್ಕ."

"ಬಿಡು ಮಾರಾಯ್ತಿ ಅವನನ್ನು, ನಿನ್ನ ಬೊಬ್ಬೆಗೆ ಮೀನು ಎದ್ದು ಓಡೀತು" ಎಂದರು ಭಾವ.

ಗ್ಯಾಸ್ ಲೈಟರ್ ಕಿಡಿ ಹಾರಿಸಿ ಹಾರಿಸಿ ಕೊನೆಗೆ ಒಲೆ ಹತ್ತಿತು. ಭಗ್ ಎಂದಾಗ ಮುಖ ಹಿಂದೆ ಎಳಕೊಂಡೆ, ಕೈ ಎಳೆಯಲಿಲ್ಲ. ಹುಳಿ, ಮೆಣಸು ಅರೆದದ್ದು ಅಕ್ಕ ಮಾಡುವ ಹಾಗೆಯೇ ಹಾಕಿದೆ. ಹೊಸಿಲ ಆಚೆಯಿಂದ ಎಷ್ಟೋ ವರ್ಷ ನೋಡಿದ್ದೇನಲ್ಲ. ಮೀನಿನ ದಪ್ಪ ಗಸಿ ಕುದಿ ಬಂತು. ಉಪ್ಪು ನೋಡಿದೆ.

ಇಬ್ಬರನ್ನೂ ಕರೆದು ಬಟ್ಟಲು ಇಟ್ಟು ಬಡಿಸಿದೆ. ಭಾವ ಉಣ್ಣತೊಡಗಿದರು. ಅಕ್ಕ ಮೊದಲು ನನ್ನ ಬೆರಳುಗಳನ್ನು ನೋಡಿದಳು, ಮುಂಗೈ ತಿರುಗಿಸಿ ನೋಡಿದಳು, ಆಮೇಲೆ ಒಂದು ತುತ್ತು ಬಾಯಿಗೆ ಹಾಕಿದಳು.

"ಉಪ್ಪು ಕಮ್ಮಿ" ಎಂದಳು.

ಕಮ್ಮಿ ಇರಲಿಲ್ಲ. ನಾನು ಮತ್ತೆ ಉಪ್ಪು ಹಾಕಲಿಲ್ಲ.