ಹಸಿ ಸ್ಲ್ಯಾಬಿನ ಮೇಲಿನ ಶಿಲುಬೆ

ಗೋವೆಯ ಕೆಪೆಯಲ್ಲಿ ನಾವು ಸಿಮೆಂಟು ಹೊರುತ್ತಿದ್ದಾಗ ಕೆಲಸ ಮಾಡಿಸುತ್ತಿದ್ದ ನಮ್ಮ ಮುಕಾದಮ ಅಲ್ಲಿಯವನೇ, ಒಬ್ಬ ಕ್ರೈಸ್ತ. ಸ್ಲ್ಯಾಬು ಹಾಕಿ ಮುಗಿದೊಡನೆ ಟೊಪ್ಪಿಗೆ ತೆಗೆದು, ಹಸಿ ಕಾಂಕ್ರೀಟಿನ ಮೂಲೆಯಲ್ಲಿ ಬೆರಳಿನಿಂದ ಸಣ್ಣ ಶಿಲುಬೆ ಎಳೆಯುತ್ತಿದ್ದ. ಯಾರಾದರೂ ಕೆಲಸ ಹೊಗಳಿದರೆ, ನಮ್ಮಿಂದ ಕಲಿತ ಕನ್ನಡದಲ್ಲಿ "ನಂದಲ್ರಿ, ದೇವರದು" ಎನ್ನುತ್ತಿದ್ದ. ನಮಗೆ ಸಿಟ್ಟು ಬರುತ್ತಿತ್ತು. ಬೆನ್ನು ಮುರಿದದ್ದು ನಮ್ಮದು, ಹೆಸರು ಮಾತ್ರ ದೇವರಿಗೆ!

ಒಮ್ಮೆ ಮಾಲೀಕನಿಗೆ ಇನ್ನೊಂದು ಕಟ್ಟಡಕ್ಕೆ ಅವಸರದಲ್ಲಿ ಮರದ ಬಲ್ಲಿಗಳು ಬೇಕಾದವು. ನಾವು ಕೆಲವೇ ದಿನಗಳ ಹಿಂದೆ ಹಾಕಿದ್ದ ಸ್ಲ್ಯಾಬಿಗೆ ಕೆಳಗಿನಿಂದ ಆಸರೆ ಕೊಟ್ಟಿದ್ದ ಬಲ್ಲಿಗಳನ್ನೇ ತೆಗೆಸು ಎಂದ. ಮುಕಾದಮ ಸ್ಲ್ಯಾಬನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ, ಇನ್ನೊಮ್ಮೆ ಕುಟ್ಟಿದ. ಆಮೇಲೆ "ತೆಗೀರಿ" ಎಂದ. ಬಲ್ಲಿ ಎಳೆಯುತ್ತಿದ್ದ ನಮ್ಮ ಬಾದಾಮಿ ಕಡೆಯ ಹುಡುಗನ ಮೇಲೆ ಸ್ಲ್ಯಾಬು ಕುಸಿಯಿತು. ಅವನು ಅಲ್ಲೇ ಸತ್ತ.

ಮಾಲೀಕ ನಾವೆಲ್ಲ ಇರುತ್ತಿದ್ದ ಶೆಡ್ಡಿಗೆ ಬಂದು, ಎಲ್ಲವೂ ದೇವರ ಇಚ್ಛೆ ಎಂದು ಹೇಳಿ ಹೋದ. ಸತ್ತವನ ಹೆಂಡತಿ ಆ ಒಂದು ಮಾತನ್ನೇ ಹಿಡಿದುಕೊಂಡು ಕೂತಿದ್ದಳು. ಸಂಜೆ ಮುಕಾದಮ ಬಂದು ಬಾಗಿಲಲ್ಲಿ ನಿಂತಾಗ, ಆಕೆಯೇ ಅವನನ್ನು ಸಮಾಧಾನ ಮಾಡಿದಳು. "ದೇವ್ರ ಒಯ್ದರ ನೀವೇನ್ ಮಾಡ್ತೀರಿ, ಅಣ್ಣಾ?"

ಅವನು ಟೊಪ್ಪಿಗೆ ತೆಗೆದ.

"ಇದು ದೇವರದಲ್ಲವ್ವಾ, ನಂದು. ಗಟ್ಟಿ ಆಗಿಲ್ಲಂತ ನನಗ ಗೊತ್ತಿತ್ತು. ತೆಗೀರಿ ಅಂದಾಂವ ನಾನ."

ಅಲ್ಲಿಯವರೆಗೆ ಅಳದಿದ್ದ ಆಕೆ ಚೀರುತ್ತ ಎದ್ದು ಅವನ ಕೊರಳಪಟ್ಟಿ ಹಿಡಿದಳು. ಬಿಡಿಸಲು ಹೋದ ನಮ್ಮನ್ನು ಅವನೇ ಕೈ ಅಡ್ಡ ಮಾಡಿ ತಡೆದ.